ಹಳೇ ಫ್ಯಾನೇ ಗಟ್ಟಿ, ಹೊಸದೆಲ್ಲ ಕಳಪೆಯೇ? ಇಲ್ಲಿದೆ ವಾಸ್ತವ

ಹೇಳಿಕೆ: "ಅಜ್ಜನ ಕಾಲದ ಫ್ಯಾನ್ ಇಂದಿಗೂ ತಿರುಗುತ್ತಿದೆ, ಹೊಸದು ಎರಡೇ ವರ್ಷಕ್ಕೆ ಕೆಡುತ್ತದೆ" ಎಂಬ ಮಾತು ವಾಟ್ಸಾಪ್‌ನಲ್ಲಿ ಹರಿದಾಡುತ್ತಿದೆ.

ವಾಸ್ತವ: ಇದು ಅರ್ಧ ಸತ್ಯ. ಬೀದರಿನ ಗಾಂಧಿ ಗಂಜ್‌ನ ಯಾವುದೋ ಅಂಗಡಿಯಲ್ಲಿ 40 ವರ್ಷದ ಫ್ಯಾನ್ ಕಂಡರೆ, ಅದು ಉಳಿದುಕೊಂಡದ್ದು ಮಾತ್ರ. ಜೊತೆಗೆ ಬಂದು ಗುಜರಿ ಸೇರಿದವು ಕಣ್ಣಿಗೆ ಬೀಳುವುದಿಲ್ಲ. ಈ ತಪ್ಪು ಲೆಕ್ಕಕ್ಕೆ 'ಸರ್ವೈವರ್‌ಶಿಪ್ ಬಯಾಸ್' ಎನ್ನುತ್ತಾರೆ. ಉಳಿದ ಫ್ಯಾನಿಗೂ ಹಲವು ಸಲ ಕಾಯಿಲ್ ಸುತ್ತಿಸಿ, ಬೇರಿಂಗ್ ಬದಲಿಸಿರುತ್ತಾರೆ.

ದೂರು ಪೂರ್ತಿ ಸುಳ್ಳೂ ಅಲ್ಲ. ಜರ್ಮನಿಯ ಅಧ್ಯಯನವೊಂದರ ಪ್ರಕಾರ, ಕೆಟ್ಟು ಐದು ವರ್ಷದೊಳಗೇ ಬದಲಿಸಬೇಕಾದ ದೊಡ್ಡ ಗೃಹೋಪಕರಣಗಳ ಪಾಲು 2004ರ ಶೇ 3.5ರಿಂದ 2012ಕ್ಕೆ ಶೇ 8.3ಕ್ಕೆ ಏರಿತ್ತು.

ಕರೆಂಟ್ ಲೆಕ್ಕ: ಹಳೇ ಫ್ಯಾನ್ ಸುಮಾರು 75 ವ್ಯಾಟ್, ಹೊಸ ಬಿಎಲ್‌ಡಿಸಿ ಫ್ಯಾನ್ ಸುಮಾರು 30. ದಿನಕ್ಕೆ 12 ತಾಸು ಓಡಿದರೆ ತಿಂಗಳಿಗೆ 27 ಯೂನಿಟ್ ಬದಲು 11. ಗೃಹಜ್ಯೋತಿಯಲ್ಲಿ 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ ಕಟ್ಟಬೇಕು. ಹೀಗಾಗಿ ಬೀದರಿನ ಬೇಸಿಗೆಯಲ್ಲಿ ಈ ಉಳಿತಾಯ ಸಣ್ಣದಲ್ಲ.

ಏನು ಮಾಡಬೇಕು? ಹೊಸದು ಕೊಳ್ಳುವಾಗ ಸ್ಟಾರ್ ಲೇಬಲ್ (ಸೀಲಿಂಗ್ ಫ್ಯಾನ್‌ಗೆ 2023ರಿಂದ ಕಡ್ಡಾಯ) ನೋಡಿ. ವಾರಂಟಿ ಎಷ್ಟು ವರ್ಷ, ಸರ್ಕ್ಯೂಟ್ ಬೋರ್ಡ್ ಸುಟ್ಟರೆ ಊರಲ್ಲೇ ಸಿಗುತ್ತದೆಯೇ ಎಂದು ಅಂಗಡಿಯವರನ್ನು ಕೇಳಿ. ಫಾರ್ವರ್ಡ್ ಮಾಡುವುದಿದ್ದರೆ ಈ ಲೆಕ್ಕವನ್ನೂ ಸೇರಿಸಿ ಕಳಿಸಿ.