ನಾವು ಬಿತ್ತುವ ರಾಗಿ ಎಲ್ಲಿಂದ ಬಂತು?

ಸಂಘದ ಬೆಳ್ಳಿಹಬ್ಬದ ಸ್ಮರಣ ಸಂಚಿಕೆಗೆ ಏನಾದರೂ ಬರೆದುಕೊಡಿ ಎಂದು ಅಧ್ಯಕ್ಷರು ಹೇಳಿದಾಗ ನಾವು ಸ್ವಲ್ಪ ಯೋಚನೆ ಮಾಡಿದೆವು. ಸಾಲ, ಷೇರು, ಠೇವಣಿ ಇವೆಲ್ಲ ಕಾರ್ಯದರ್ಶಿಗಳ ವರದಿಯಲ್ಲಿ ಹೇಗೂ ಬರುತ್ತವೆ. ಕಟ್ಟಡ ಕಟ್ಟಿದ ಕಥೆಯನ್ನು ಹಿರಿಯ ನಿರ್ದೇಶಕರು ಬರೆಯುತ್ತಿದ್ದಾರೆ. ಉಳಿದದ್ದು ಬಿತ್ತನೆ ರಾಗಿ. ಪ್ರತಿ ವರ್ಷ ಮುಂಗಾರು ಕಾಲಿಟ್ಟ ಕೂಡಲೇ ಸಂಘದ ಜಗಲಿ ಮೇಲೆ ಕೇಳುವ ಮಾತು ಒಂದೇ: "ಜಿಪಿಯು ಬಂತಾ? ಎಂ.ಆರ್. ಬಂತಾ? ಎಂ.ಎಲ್. ಐತಾ?" ಬಸ್ಸಿನ ಹೆಸರು ಕೇಳಿದ ಹಾಗೆ ಕೇಳುತ್ತೇವೆ, ಚೀಲ ಹೆಗಲಿಗೆ ಹಾಕಿಕೊಂಡು ಹೋಗುತ್ತೇವೆ. ಆ ಅಕ್ಷರಗಳ ಹಿಂದೆ ನೂರು ವರ್ಷಕ್ಕೂ ಮಿಕ್ಕ ದುಡಿಮೆ ಇದೆ. ಅದನ್ನು ನಮಗೆ ತಿಳಿದ ಮಟ್ಟಿಗೆ ಸದಸ್ಯ ಬಂಧುಗಳ ಮುಂದೆ ಇಡುತ್ತಿದ್ದೇವೆ. ಕಳೆದ ಸರ್ವಸದಸ್ಯರ ಸಭೆಯಲ್ಲಿ ಬಿತ್ತನೆ ತಾಕಿನ ವಿಚಾರ ಬಂದು ಸ್ವಲ್ಪ ಬಿಸಿಬಿಸಿ ಮಾತಾಯಿತಲ್ಲ, ಅದಕ್ಕೂ ಇದಕ್ಕೂ ಸಂಬಂಧವಿದೆ.

ನಮ್ಮ ತಾತಂದಿರ ಕಾಲದಲ್ಲಿ ಒಂದು ಹೊಲದಲ್ಲಿ ಒಂದೇ ರಾಗಿ ಇರುತ್ತಿರಲಿಲ್ಲ. ಹಸಿರುಕಡ್ಡಿ, ಕರಿಕಡ್ಡಿ, ಗಿಡ್ಡರಾಗಿ, ದೊಡ್ಡರಾಗಿ ಎಂದು ಹೆಸರಿದ್ದರೂ ಹೊಲಕ್ಕೆ ಇಳಿದು ನೋಡಿದರೆ ಎಲ್ಲವೂ ಸ್ವಲ್ಪ ಸ್ವಲ್ಪ ಬೆರೆತೇ ಇರುತ್ತಿದ್ದವು. ಒಂದು ಗಿಡ ಮುಂಚೆ ತೆನೆ ಹಾಯುತ್ತದೆ, ಪಕ್ಕದ್ದು ಎಂಟು ದಿನ ತಡ. ಒಂದರ ತೆನೆ ಮುಷ್ಟಿ ಕಟ್ಟಿದಂತೆ, ಇನ್ನೊಂದರದು ಬೆರಳು ಬಿಚ್ಚಿದಂತೆ. ಕೊಯ್ಲಿಗೆ ಮುಂಚೆ ಮನೆಯ ಹೆಂಗಸರು ಹೊಲದಲ್ಲಿ ಒಂದು ಸುತ್ತು ಬಂದು, ಮನಸ್ಸಿಗೆ ಬಂದ ತೆನೆಗಳನ್ನು ಮುರಿದು ಮಡಿಲಿಗೆ ಹಾಕಿಕೊಳ್ಳುತ್ತಿದ್ದರು. ಅದೇ ಮುಂದಿನ ವರ್ಷದ ಬಿತ್ತನೆ. ಇಂದು ಪುಸ್ತಕದಲ್ಲಿ ಆಯ್ಕೆ ವಿಧಾನ ಎಂದು ಕರೆಯುವ ಕೆಲಸ ಅದೇ. ಅದನ್ನು ಓದು ಬರಹ ಇಲ್ಲದ ನಮ್ಮ ಅಜ್ಜಿಯರು ತಲೆತಲಾಂತರದಿಂದ ಮಾಡಿಕೊಂಡು ಬಂದಿದ್ದರು. ರಾಗಿಯ ಇತಿಹಾಸ ಬರೆಯುವವರು ಅವರ ಹೆಸರು ಬರೆಯುವುದಿಲ್ಲ, ಬರೆಯಲು ಹೆಸರು ಯಾರಿಗೂ ಗೊತ್ತಿಲ್ಲ ಬಿಡಿ.

ಸರ್ಕಾರದ ಕಡೆಯಿಂದ ಈ ಕೆಲಸ ಶುರುವಾದದ್ದು ಮೈಸೂರು ಸಂಸ್ಥಾನದ ಕಾಲದಲ್ಲಿ. ಕೆನಡಾ ದೇಶದ ಲೆಸ್ಲಿ ಕೋಲ್ಮನ್ ಎಂಬುವರು 1908ರಲ್ಲಿ ಮೈಸೂರಿಗೆ ಬಂದು, ಮುಂದೆ ಕೃಷಿ ಇಲಾಖೆಯ ನಿರ್ದೇಶಕರಾದರು. ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯುವುದನ್ನು ಮಲೆನಾಡಿನವರಿಗೆ ಕಲಿಸಿದವರೂ ಇವರೇ. ಹೆಬ್ಬಾಳದ ಫಾರಂನಲ್ಲಿ 1913ರಿಂದ ರಾಗಿ ತಳಿಯ ಕೆಲಸ ನಡೆಯಿತು. 1918ರಲ್ಲಿ ಹೆಚ್-22 ಎಂಬ ತಳಿ ಹೊರಬಂತು. ಆಗಿನ ವಿಧಾನ ಇಷ್ಟೇ: ಊರೂರಿನ ಬೆರಕೆ ರಾಗಿಯಿಂದ ಒಳ್ಳೆಯ ಗಿಡಗಳ ತೆನೆ ತರುವುದು, ಒಂದು ತೆನೆಗೆ ಒಂದು ಸಾಲು ಬಿತ್ತುವುದು, ಸಾಲು ಸಾಲನ್ನೂ ತೂಗಿ ನೋಡುವುದು, ಸೋತ ಸಾಲುಗಳನ್ನು ಬಿಟ್ಟುಬಿಡುವುದು. ಕೊನೆಗೆ ನಿಂತ ಸಾಲಿನ ಗಿಡಗಳೆಲ್ಲ ಒಂದೇ ತಾಯಿಯ ಮಕ್ಕಳು. ಇದಕ್ಕೆ ಶುದ್ಧ ತಳಿ ಎನ್ನುತ್ತಾರೆ.

ಇಲ್ಲಿ ಒಂದು ಮಾತನ್ನು ನಾವು ನಿಧಾನವಾಗಿ ಹೇಳಬೇಕು. ಏಕೆಂದರೆ ನಮ್ಮಲ್ಲಿ ಅನೇಕರು ಇದನ್ನು ತಪ್ಪಾಗಿ ತಿಳಿದಿದ್ದಾರೆ. ಡೆನ್ಮಾರ್ಕಿನ ಜೋಹಾನ್ಸನ್ ಎಂಬ ವಿಜ್ಞಾನಿ 1903ರಲ್ಲಿ ಹುರುಳಿಕಾಯಿ ಬೀಜದ ಮೇಲೆ ಮಾಡಿದ ಪರೀಕ್ಷೆಯನ್ನು ಪ್ರಕಟಿಸಿದರು. ಬೆರಕೆ ಬೀಜದಿಂದ ದಪ್ಪ ಕಾಳು ಆರಿಸಿ ಬಿತ್ತಿದರೆ ಬೆಳೆ ಸುಧಾರಿಸುತ್ತದೆ. ಆದರೆ ಒಂದೇ ಗಿಡದ ಸಂತತಿಯೊಳಗೆ ಎಷ್ಟು ವರ್ಷ ದಪ್ಪ ಕಾಳು ಆರಿಸಿದರೂ ಕಾಳು ದಪ್ಪವಾಗುವುದಿಲ್ಲ. ಅಲ್ಲಿ ಕಾಣುವ ದಪ್ಪ-ಸಣ್ಣ ಗೊಬ್ಬರದ್ದು, ನೀರಿನದು, ಜಾಗದ್ದು, ರಕ್ತದ್ದಲ್ಲ. ಅಂದರೆ ಆರಿಸುವವನ ಕೈಗೆ ಶಕ್ತಿ ಬರುವುದು ಗಿಡಗಿಡಕ್ಕೂ ಹುಟ್ಟಿನಲ್ಲೇ ವ್ಯತ್ಯಾಸ ಇದ್ದಾಗ ಮಾತ್ರ. ನಾವು ಜಿಪಿಯು-28ರ ಹೊಲದಲ್ಲಿ ದಪ್ಪ ತೆನೆ ಆರಿಸಿ ಇಟ್ಟುಕೊಂಡರೆ ಬೆರಕೆ ಆಗದಂತೆ ಉಳಿಸಿಕೊಳ್ಳುತ್ತೇವೆ, ಅದು ಒಳ್ಳೆಯದೇ. ಅದಕ್ಕಿಂತ ಮೇಲಿನ ರಾಗಿ ಮಾಡಿದೆವು ಎಂದುಕೊಳ್ಳಬಾರದು. ನಮ್ಮ ಅಜ್ಜಿಯರ ಆಯ್ಕೆಗೆ ಇದ್ದ ಬಲ ನಮ್ಮ ಆಯ್ಕೆಗೆ ಇಲ್ಲ.

ಹೀಗೆ ಬೆರಕೆಯಲ್ಲಿದ್ದ ಒಳ್ಳೆಯದನ್ನು ಹೆಕ್ಕಿ ಮುಗಿದ ಮೇಲೆ ದಾರಿ ನಿಂತಿತು. ಮುಂದೆ ಹೋಗಬೇಕಾದರೆ ಎರಡು ತಳಿಗಳನ್ನು ಕೂಡಿಸಿ ಹೊಸ ವ್ಯತ್ಯಾಸ ಹುಟ್ಟಿಸಬೇಕು. ಜೋಳ, ಮೆಕ್ಕೆಜೋಳಕ್ಕೆ ಇದು ಕಷ್ಟವಲ್ಲ. ರಾಗಿಗೆ ಬಹಳ ಕಷ್ಟ. ರಾಗಿಯ ಹೂವು ಎಷ್ಟು ಸಣ್ಣದೆಂದರೆ ಅದು ಹೂವು ಬಿಡುತ್ತದೆ ಎಂಬುದೇ ನಮ್ಮ ಹುಡುಗರಿಗೆ ಗೊತ್ತಿಲ್ಲ. ನಾವೆಲ್ಲ ಮಲಗಿರುವ ಬೆಳಗಿನ ಜಾವದಲ್ಲಿ ಬಿಡುತ್ತದೆ. ಬಿಡುವ ಹೊತ್ತಿಗೆ ತನ್ನ ಪರಾಗ ತನಗೇ ಬಿದ್ದಾಗಿರುತ್ತದೆ. ನೂರಕ್ಕೆ ಒಂದು ಕಾಳೂ ಹೊರಗಿನ ಪರಾಗದಿಂದ ಕಟ್ಟುವುದಿಲ್ಲ. ಅದರೊಳಗಿನ ಮೂರು ಕೇಸರಗಳನ್ನು ಚಿಮಟದಿಂದ ಕಿತ್ತುಹಾಕುವುದು ಅಂದರೆ ಕಣ್ಣು ಹೋಗುವ ಕೆಲಸ.

ಅದಕ್ಕೆ ತಜ್ಞರು ಒಂದು ಉಪಾಯ ಕಂಡುಕೊಂಡರು. ಹೂವಿಗೆ ಬಂದ ಎರಡು ಗಿಡಗಳ ತೆನೆಗಳನ್ನು ಒಂದಕ್ಕೊಂದು ತಾಗುವಂತೆ ಕಟ್ಟಿ, ಮೇಲೆ ಕಾಗದದ ಚೀಲ ಹಾಕಿಬಿಡುವುದು. ಸಾವಿರಾರು ಕಾಳುಗಳಲ್ಲಿ ಎಲ್ಲೋ ನಾಲ್ಕಾರು ಕೂಡಿಕೆಯ ಕಾಳು ಆಗುತ್ತವೆ. ಆದರೆ ಆ ನಾಲ್ಕು ಯಾವುವು ಎಂದು ತಿಳಿಯುವುದು ಹೇಗೆ? ತಾಯಿಯಾಗಿ ಹಸಿರು ಕಡ್ಡಿಯ ಗಿಡ, ತಂದೆಯಾಗಿ ನೇರಳೆ ಬಣ್ಣದ ಕಡ್ಡಿಯ ಗಿಡ ಇಡುತ್ತಾರೆ. ನೇರಳೆ ಬಣ್ಣ ಹಸಿರಿನ ಮೇಲೆ ಮೇಲುಗೈ. ತಾಯಿ ತೆನೆಯ ಕಾಳನ್ನು ಒಟ್ಲು ಹಾಕಿದಾಗ ಹಸಿರು ಪೈರಿನ ನಡುವೆ ನೇರಳೆ ಪೈರು ಕಂಡರೆ ಅದೇ ಮಿಶ್ರ ಸಂತಾನ. ಉಳಿದದ್ದೆಲ್ಲ ದನಕ್ಕೆ. ಮೆಂಡೆಲ್ ಎಂಬ ಪಾದ್ರಿ 1866ರಲ್ಲಿ ಬಟಾಣಿ ಗಿಡದ ಬಗ್ಗೆ ಬರೆದ ಸೂತ್ರವನ್ನು ರಾಗಿಯ ಒಟ್ಲಿನಲ್ಲಿ ಕಣ್ಣಾರೆ ಕಾಣಬಹುದು.

ಮೊದಲ ತಲೆಮಾರಿನ ಗಿಡಗಳೆಲ್ಲ ಒಂದೇ ಥರ. ಎರಡನೆಯದರಲ್ಲಿ ಸಂತೆ ನೆರೆದ ಹಾಗೆ ಎಲ್ಲ ಬಗೆಯೂ ಬರುತ್ತವೆ: ಎತ್ತರ, ಗಿಡ್ಡ, ಬೇಗ, ತಡ. ತಂದೆ ತಾಯಿಗಳು ಹತ್ತೇ ಹತ್ತು ಗುಣಗಳಲ್ಲಿ ಬೇರೆ, ಒಂದೊಂದು ಗುಣಕ್ಕೂ ಒಂದೊಂದು ವಂಶವಾಹಿ, ಅವು ಬೇರೆ ಬೇರೆಯಾಗಿ ಹಂಚಿಹೋಗುತ್ತವೆ ಎಂದು ಲೆಕ್ಕ ಹಿಡಿದರೂ, ಹತ್ತರಲ್ಲೂ ನಮಗೆ ಬೇಕಾದ್ದೇ ಗಟ್ಟಿಯಾಗಿ ನಿಂತ ಗಿಡ ಎರಡನೇ ತಲೆಮಾರಿನಲ್ಲಿ 10 ಲಕ್ಷದ 48 ಸಾವಿರಕ್ಕೆ ಒಂದು. ನಾಲ್ಕನ್ನು ನಾಲ್ಕರಿಂದ ಹತ್ತು ಮನೆ ಗುಣಿಸಿ ನೋಡಿ. ಅಷ್ಟು ಗಿಡ ಬೆಳೆಸುವುದು ಯಾರಿಗೆ ಸಾಧ್ಯ? ಆದ್ದರಿಂದ ಇದ್ದುದರಲ್ಲಿ ಒಳ್ಳೆಯದನ್ನು ಆರಿಸಿ, ಅದರ ತೆನೆ ಸಾಲು ಹಾಕಿ, ಮತ್ತೆ ಆರಿಸಿ ಹೀಗೆ ಮುಂದುವರಿಯಬೇಕು. ಪ್ರತಿ ತಲೆಮಾರಿಗೂ ಗಿಡದೊಳಗಿನ ಬೆರಕೆ ಅರ್ಧಕ್ಕೆ ಇಳಿಯುತ್ತದೆ. ಐವತ್ತು, ಇಪ್ಪತ್ತೈದು, ಹನ್ನೆರಡೂವರೆ... ಆರೇಳು ತಲೆಮಾರಿಗೆ ಗುಣ ನಿಲ್ಲುತ್ತದೆ. ಆಮೇಲೆ ಬೇರೆ ಬೇರೆ ಊರಿನ ಮಣ್ಣಿನಲ್ಲಿ ಪರೀಕ್ಷೆ. ಒಂದು ತಳಿ ನಮ್ಮ ಸಂಘದ ಬಾಗಿಲಿಗೆ ಬರುವ ಹೊತ್ತಿಗೆ ಹತ್ತು ಹನ್ನೆರಡು ವರ್ಷ ಕಳೆದಿರುತ್ತದೆ.

ಈ ಕೆಲಸಕ್ಕೆ ಜೀವ ಸವೆಸಿದವರು ಸಿ.ಹೆಚ್. ಲಕ್ಷ್ಮಣಯ್ಯನವರು. ರಾಗಿ ಲಕ್ಷ್ಮಣಯ್ಯ ಎಂದರೆ ಹಳೆಯ ಮೈಸೂರಿನ ರೈತರಿಗೆ ಬೇಗ ಗೊತ್ತಾಗುತ್ತದೆ. 1951ರಿಂದ 1964ರ ಒಳಗೆ ಅರುಣ, ಉದಯ, ಪೂರ್ಣ, ಅನ್ನಪೂರ್ಣ, ಕಾವೇರಿ, ಶಕ್ತಿ ತಳಿಗಳನ್ನು ಕೊಟ್ಟರು. ಎಂಥ ಹೆಸರುಗಳು ನೋಡಿ, ಹೆಣ್ಣುಮಕ್ಕಳಿಗೆ ಇಟ್ಟ ಹಾಗಿವೆ. ಈಗಿನ ಅಕ್ಷರ-ಅಂಕಿಗಿಂತ ಅವೇ ಚೆನ್ನಾಗಿದ್ದವು ಎಂದು ನಮ್ಮ ಅಭಿಪ್ರಾಯ.

ಇವೆಲ್ಲ ನಮ್ಮ ದೇಶದ ರಾಗಿಗಳ ನಡುವಿನ ಸಂಬಂಧ. ದೊಡ್ಡ ಹೆಜ್ಜೆ ಆಮೇಲೆ ಬಂತು. ರಾಗಿಯ ಮೂಲ ಮನೆ ಆಫ್ರಿಕದ ಎತ್ತರದ ಸೀಮೆ. ಸಾವಿರಾರು ವರ್ಷಗಳ ಹಿಂದೆ ಅಲ್ಲಿಂದ ನಮ್ಮಲ್ಲಿಗೆ ಬಂದದ್ದು. ಅಲ್ಲಿನ ರಾಗಿಗೆ ಕಡ್ಡಿ ದಪ್ಪ, ತೆನೆಯ ಬೆರಳು ಉದ್ದ, ತೂಕ ಜಾಸ್ತಿ. ಆದರೆ ತೆಂಡೆ ಹೊಡೆಯುವುದು ಕಡಿಮೆ, ಕಟಾವಿಗೆ ಬರುವುದು ತಡ. ನಮ್ಮ ರಾಗಿ ಚೆನ್ನಾಗಿ ತೆಂಡೆ ಹೊಡೆಯುತ್ತದೆ, ನಮ್ಮ ಮಳೆಗೆ ಹೊಂದಿಕೊಂಡಿದೆ, ತೆನೆ ಮಾತ್ರ ಸಣ್ಣದು. ಮಂಡ್ಯದ ವಿ.ಸಿ. ಫಾರಂನಲ್ಲಿ ಲಕ್ಷ್ಮಣಯ್ಯನವರು ದೂರವಾಗಿದ್ದ ಈ ದಾಯಾದಿಗಳನ್ನು ಮತ್ತೆ ಕೂಡಿಸಿದರು. ಇಂಡಿಯಾದ 'ಇಂಡ್', ಆಫ್ರಿಕದ 'ಆಫ್' ಸೇರಿ ಇಂಡಾಫ್ ಆಯಿತು. ನಮ್ಮಲ್ಲಿ ಇನ್ನೂ ಕೆಲವರು ಅದನ್ನು ಯಾವುದೋ ಕಂಪನಿಯ ಹೆಸರು ಎಂದೇ ತಿಳಿದಿದ್ದಾರೆ! 1970 ಮತ್ತು 80ರ ದಶಕದಲ್ಲಿ ಇಂಡಾಫ್ ತಳಿಗಳು ಹೊಲದಿಂದ ಹೊಲಕ್ಕೆ ಹಬ್ಬಿದವು. ಕಾವೇರಿ ರಾಗಿಗೆ ಆಫ್ರಿಕದ ರಾಗಿ ಕೂಡಿ ಇಂಡಾಫ್-5. ಹುಲ್ಲುಬೆಳೆ ಎಂಬ ನಾಡರಾಗಿಗೆ ಅದೇ ಆಫ್ರಿಕದ ತಂದೆ ಕೂಡಿ ಇಂಡಾಫ್-8. ಹುಲ್ಲುಬೆಳೆ ಎಂಬ ಹೆಸರನ್ನು ಗಮನಿಸಿ. ಇಳುವರಿ ಎಂದರೆ ಕಾಗದದಲ್ಲಿ ಬರೀ ಕಾಳಿನ ಕ್ವಿಂಟಾಲ್ ಲೆಕ್ಕ. ದನ ಕಟ್ಟಿದ ನಮಗೆ ಹಿತ್ತಲಿನ ಮೆದೆಯೂ ಇಳುವರಿಯೇ. ಕಾಳು ಹೆಚ್ಚಿ ಹುಲ್ಲು ಸೊರಗಿದ ತಳಿಯನ್ನು ನಮ್ಮ ಸೀಮೆಯ ರೈತ ಎರಡನೇ ವರ್ಷ ಕೈಯಲ್ಲಿ ಮುಟ್ಟುವುದಿಲ್ಲ.

ಲಕ್ಷ್ಮಣಯ್ಯನವರು 1993ರಲ್ಲಿ ತೀರಿಕೊಂಡರು. ಅವರ ಗಿಡಗಳು ಮಕ್ಕಳು ಮೊಮ್ಮಕ್ಕಳನ್ನು ಕಂಡವು. ಇಂಡಾಫ್-5 ಬೆಂಕಿ ರೋಗಕ್ಕೆ ಬಗ್ಗುತ್ತಿತ್ತು. ಕುತ್ತಿಗೆ ಕಪ್ಪಾಗಿ ತೆನೆ ಜೊಳ್ಳಾದದ್ದನ್ನು ನೋಡಿದವರಿಗೆ ಅದರ ಸಂಕಟ ಗೊತ್ತು. ಇಂಡಾಫ್-9ನ್ನು ಐಇ-1012 ಎಂಬ ಇನ್ನೊಂದು ರಾಗಿಗೆ ಕೂಡಿಸಿ, ಆ ಸಂತತಿಯನ್ನು ಇಂಡಾಫ್-5ಕ್ಕೆ ಸೇರಿಸಿ, ಬೆಂಗಳೂರು ಕೃಷಿ ವಿಶ್ವವಿದ್ಯಾನಿಲಯದವರು 1990ರ ದಶಕದ ಕೊನೆಗೆ ಜಿಪಿಯು-28 ಕೊಟ್ಟರು. ಬೆಂಕಿ ರೋಗಕ್ಕೆ ನಿಲ್ಲುತ್ತದೆ, 110ರಿಂದ 115 ದಿನದ ಬೆಳೆ. ನಮ್ಮ ಸಂಘ ಶುರುವಾದ ವರ್ಷದ ದಾಸ್ತಾನು ಪುಸ್ತಕ ತೆಗೆದು ನೋಡಿದರೆ ಬಿತ್ತನೆ ಕಾಲಂನಲ್ಲಿ ಮೊದಲು ಬರೆದಿರುವುದು ಅದೇ. ಇಪ್ಪತ್ತೈದು ವರ್ಷವಾದರೂ ಜನ ಅದನ್ನು ಬಿಟ್ಟಿಲ್ಲ. ಅದೇ ಐಇ-1012, ಅದೇ ಇಂಡಾಫ್-5 ಕೂಡಿ ಆದದ್ದು ಎಂ.ಎಲ್.-365, ಮಳೆ ಕೈಕೊಟ್ಟರೂ ತಡೆಯುವ ರಾಗಿ. 2017ರಲ್ಲಿ ಇದೇ ವಿಶ್ವವಿದ್ಯಾನಿಲಯದ ವಿಜ್ಞಾನಿಗಳು ರಾಗಿಯ ವಂಶವಾಹಿ ಬರಹವನ್ನು ಓದಿ ಜಗತ್ತಿನ ಮುಂದಿಟ್ಟಾಗ, ಓದಿದ್ದು ಎಂ.ಎಲ್.-365ರದ್ದನ್ನೇ. ಮುಂದೆ ಗಿಡದ ಎಲೆಯ ಚೂರು ನೋಡಿಯೇ ಒಳ್ಳೆಯದನ್ನು ಆರಿಸಲು ಇದರಿಂದ ಸುಲಭವಾಗುತ್ತದೆ. ಆದರೂ ಇಲ್ಲದ ಗುಣವನ್ನು ಆ ಬರಹದಿಂದ ಆರಿಸಲು ಬರುವುದಿಲ್ಲ. ಗುಣ ಎಲ್ಲಾದರೂ ಒಂದು ಗಿಡದಲ್ಲಿ ಬದುಕಿರಬೇಕು.

ಈಗ ಸಭೆಯಲ್ಲಿ ಬಂದ ಮಾತಿಗೆ ಬರೋಣ. "ಪ್ಯಾಕೆಟ್ ಸಿಗೋವಾಗ ಬಿತ್ತನೆ ತಾಕು ಯಾಕ್ರೀ?" ಎಂದು ಕೆಲವರು ಕೇಳಿದರು. ನ್ಯಾಯವಾದ ಪ್ರಶ್ನೆಯೇ. ನಮ್ಮ ಉತ್ತರ ಹೀಗಿದೆ. ಹೈಬ್ರಿಡ್ ಮೆಕ್ಕೆಜೋಳದ ಹಾಗೆ ರಾಗಿಯನ್ನು ವರ್ಷ ವರ್ಷ ಕೊಳ್ಳಲೇಬೇಕು ಎಂದೇನಿಲ್ಲ. ತನ್ನ ಪರಾಗ ತನಗೇ ಬೀಳುವುದರಿಂದ ಬೇರೆ ತಳಿ ಬೆರೆಯದಂತೆ ಕಣ ಚೊಕ್ಕಟವಾಗಿ ಇಟ್ಟುಕೊಂಡರೆ ಮೂರು ವರ್ಷ ಅದೇ ಬಿತ್ತನೆ ನಡೆಯುತ್ತದೆ. 2001ರ ಸಸ್ಯ ತಳಿ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯ್ದೆ ಪ್ರಕಾರ ರೈತ ತನ್ನ ಹೊಲದ ಬೀಜವನ್ನು ಇಟ್ಟುಕೊಳ್ಳಬಹುದು, ಬದಲಿ ಕೊಡಬಹುದು, ಮಾರಲೂಬಹುದು, ಬ್ರಾಂಡ್ ಹೆಸರು ಹಾಕಿ ಮಾರುವಂತಿಲ್ಲ ಅಷ್ಟೆ. ಸಂಘವೇ ಬೀಜ ಮಾರಬೇಕಾದರೆ ಪರವಾನಗಿ ಬೇಕು, ಅದು ಬೇರೆ ವಿಷಯ. ನಾವು ಕೇಳುತ್ತಿರುವುದು ಮಾರಾಟವಲ್ಲ. ಅರ್ಧ ಎಕರೆಯಲ್ಲಿ ಒಂದು ಬದಿಗೆ ನೀಲಿ ಚೀಟಿಯ ಪ್ರಮಾಣಿತ ಬೀಜದಿಂದ ಚೊಕ್ಕ ಬಿತ್ತನೆ. ಇನ್ನೊಂದು ಬದಿಗೆ ಹಳೆಯ ನಾಡರಾಗಿಗಳು, ಸಾಲಿಗೊಂದು.

ಎರಡನೆಯದಕ್ಕೇ ಹೆಚ್ಚು ವಿರೋಧ ಬಂತು. ಕಡಿಮೆ ಬೆಳೆಯುವ ರಾಗಿಗೆ ಸಂಘದ ದುಡ್ಡು ಯಾಕೆ ಎಂದು. ಆದರೆ ಇಂಡಾಫ್-8 ಮಾಡುವ ಹೊತ್ತಿಗೆ ಹುಲ್ಲುಬೆಳೆಯನ್ನು ಯಾರೂ ಉಳಿಸದೆ ಹೋಗಿದ್ದರೆ ಇಂಡಾಫ್-8 ಆಗುತ್ತಿರಲಿಲ್ಲ. ಹುಲ್ಲುಬೆಳೆ ಉಳಿದದ್ದು ಯಾರೋ ಒಬ್ಬ ರೈತ ಅದನ್ನು ಬಿತ್ತುತ್ತಾ ಬಂದದ್ದರಿಂದ. ವಿಶ್ವವಿದ್ಯಾನಿಲಯದ ತಂಪು ಕೋಣೆಯಲ್ಲಿ ಸಾವಿರಾರು ಮಾದರಿಗಳನ್ನು ಇಟ್ಟಿದ್ದಾರೆ ನಿಜ. ಅಲ್ಲಿನ ಬೀಜ ಇಟ್ಟ ದಿನ ಹೇಗಿತ್ತೋ ಹಾಗೆಯೇ ಇರುತ್ತದೆ. ಹೊಲದಲ್ಲಿ ಇರುವುದು ನಮ್ಮ ಈಗಿನ ಮಳೆ, ಈಗಿನ ರೋಗ ಎರಡನ್ನೂ ಕಾಣುತ್ತಾ ಬರುತ್ತದೆ. ಎರಡೂ ಬೇಕು.

ನಮ್ಮೂರಿನಲ್ಲಿ ಹುಡುಕಿದ್ದರಲ್ಲಿ ಇದುವರೆಗೆ ಮೂರು ಬಗೆ ಸಿಕ್ಕಿವೆ: ಕರಿಕಡ್ಡಿ ಒಂದು ಸೇರು, ಗಿಡ್ಡರಾಗಿ ಅರ್ಧ ಸೇರು, ಹೆಸರು ತಿಳಿಯದ ಮುಷ್ಟಿ ತೆನೆಯ ರಾಗಿ ಒಂದು ಹಿಡಿ. ಹಸಿರುಕಡ್ಡಿ ಕೆಳಗಲ ಕೇರಿಯ ಯಾರದೋ ಅಟ್ಟದ ಮೇಲೆ ಇದೆ ಎಂಬ ಮಾತು ಕೇಳಿದ್ದೇವೆ. ಹಾಗೆ ಇಟ್ಟುಕೊಂಡ ಸದಸ್ಯರು ಯುಗಾದಿಯೊಳಗೆ ಕಾರ್ಯದರ್ಶಿಗಳಿಗೆ ಮುಟ್ಟಿಸಬೇಕು. ಒಂದು ಹಿಡಿ ಸಾಕು. ಮನೆಯ ಹಿರಿಯ ಹೆಂಗಸರನ್ನು ಕೇಳಿ ಅದರ ಹೆಸರು, ಯಾವ ಮಳೆಗೆ ಬಿತ್ತುತ್ತಿದ್ದರು, ಮುದ್ದೆ ಹೇಗಾಗುತ್ತದೆ ಎಂದು ಒಂದು ಚೀಟಿಯಲ್ಲಿ ಬರೆದು ಜೊತೆಗೆ ಕೊಡಿ.