ಲೈನ್: ಅಗಸೆಯ ನಾರಿನಿಂದ ಆಡಿಯೊ ತಂತಿಗೆ

ಲೈನ್

ಹಳೆಯ ಆಂಪ್ಲಿಫೈಯರ್‌ಗೆ ಸಬ್‌ವೂಫರ್ ಸೇರಿಸಲು ಹೊರಟವರು ಸ್ಪೀಕರ್ ತಂತಿಯನ್ನೇ ‘ಲೈನ್’ ಎಂದುಕೊಂಡು ‘ಲೈನ್ ಇನ್’ ಕಿಂಡಿಗೆ ಸಿಕ್ಕಿಸುವುದುಂಟು. ಈ ಎಡವಟ್ಟಿನಲ್ಲಿ ಪದಕ್ಕೂ ಪಾಲಿದೆ.

ಲ್ಯಾಟಿನ್ನಿನ ‘ಲೀನುಮ್’ ಎಂದರೆ ಅಗಸೆ. ಅದರ ನಾರಿನ ದಾರ ‘ಲೀನೆಆ’. ದಾರವನ್ನು ಬಿಗಿಯಾಗಿ ಎಳೆದರೆ ಗೆರೆ. ಅಲ್ಲಿಂದ ಸಾಲು, ತಂತಿ, ಮಾರ್ಗ ಎಂಬ ಅರ್ಥಗಳು ಚಿಗುರಿದವು. ಲಿನನ್ ಬಟ್ಟೆ, ದರ್ಜಿಯ ಲೈನಿಂಗ್, ಸ್ಪ್ಯಾನಿಷಿನ ‘ಲೀನೆಆ’ ಎಲ್ಲವೂ ಒಂದೇ ಬೇರಿನವು.

ಕನ್ನಡದಲ್ಲಿ ರೇಷನ್ ಅಂಗಡಿಯ ಲೈನ್ ಸರತಿಯ ಸಾಲು, ಲೈನ್‌ಮನ್ ಹತ್ತುವುದು ವಿದ್ಯುತ್ ಲೈನ್, ಕೊಡಗಿನ ಕಾಫಿ ತೋಟದ ಲೈನ್ ಮನೆ ಕಾರ್ಮಿಕರ ವಸತಿ. ಹುಡುಗರು ‘ಲೈನ್ ಹೊಡೆಯುವುದು’ ಬೇರೆಯೇ ಬಾಬತ್ತು.

ಆಡಿಯೊದಲ್ಲಿ ಮಾತ್ರ ಅರ್ಥ ಬಿಗಿ. ‘ಲೈನ್ ಲೆವೆಲ್’ ಎಂದರೆ ಉಪಕರಣದಿಂದ ಉಪಕರಣಕ್ಕೆ ಹೋಗುವ, ಮನೆಬಳಕೆಯಲ್ಲಿ ಸಾಮಾನ್ಯವಾಗಿ ಒಂದೆರಡು ವೋಲ್ಟ್ ಮೀರದ ಸಂಕೇತ. 8 ಓಮ್ ಸ್ಪೀಕರ್‌ಗೆ 50 ವ್ಯಾಟ್ ಕೊಡುವ ತಂತಿಯಲ್ಲಾದರೋ 20 ವೋಲ್ಟ್ ಇರುತ್ತದೆ. ಅದನ್ನು ತಗ್ಗಿಸುವುದು ‘ಲೈನ್ ಔಟ್‌ಪುಟ್ ಕನ್ವರ್ಟರ್’. ಒಳಗಿರುವುದು ರೆಸಿಸ್ಟರ್‌ಗಳ ಜೋಡಿ ಅಥವಾ ಪುಟ್ಟ ಟ್ರಾನ್ಸ್‌ಫಾರ್ಮರ್. ಕೆಲವು ಆಂಪ್ಲಿಫೈಯರ್‌ಗಳ ಕಪ್ಪು ತುದಿ ಗ್ರೌಂಡ್ ಆಗಿರುವುದಿಲ್ಲ. ಅಲ್ಲಿ ಟ್ರಾನ್ಸ್‌ಫಾರ್ಮರ್ ಇರುವುದೇ ಕ್ಷೇಮ.

ಸಬ್‌ವೂಫರ್‌ನಲ್ಲೇ ‘ಹೈ ಲೆವೆಲ್ ಇನ್‌ಪುಟ್’ ಇದ್ದರೆ ಕನ್ವರ್ಟರ್ ಬೇಕಿಲ್ಲ. ಕೊಳ್ಳುವ ಮುನ್ನ ಪೆಟ್ಟಿಗೆಯ ಹಿಂಬದಿ ಓದಿ.