ದಫ್ತರದ ಗಂಟು ಹೋದ ದಾರಿ

ಫೈಲು ಎನ್ನುವುದಕ್ಕೆ ನಾವು ಈಗ ಕಡತ ಎನ್ನುತ್ತೇವೆ. ಮೂಲದಲ್ಲಿ ಕಡತವೆಂದರೆ ಬಟ್ಟೆಯ ಪುಸ್ತಕ. ಬಟ್ಟೆಗೆ ಹುಣಿಸೆ ಬೀಜದ ಸರಿ, ಇದ್ದಲ ಪುಡಿ ಬಳಿದು ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಚಿ, ಬಳಪದಿಂದ ಬರೆಯುತ್ತಿದ್ದರು. ಶೃಂಗೇರಿ ಮಠದಲ್ಲಿ ಅಂಥ ಕಡತಗಳು ಇಂದಿಗೂ ಇವೆ. ಅದರ ಗುಣವೂ ದೋಷವೂ ಒಂದೇ: ಒರೆಸಿ ಮತ್ತೆ ಬರೆಯಬಹುದು. ಯಾವುದನ್ನು ಉಳಿಸಬೇಕು, ಯಾವುದನ್ನು ಅಳಿಸಬೇಕು ಎಂಬ ಗುಮಾಸ್ತನ ಚಿಂತೆ ಹೀಗೆ ಬಳಪದ ಕಾಲದಿಂದಲೂ ಬಂದದ್ದು.

ಥಾಣೆ, ಡೊಂಬಿವಲಿ, ಕಲ್ಯಾಣ, ನವಿಮುಂಬಯಿಗಳಲ್ಲಿ ಸಂಸಾರ ಹೂಡಿದ ನಮಗೆ ಈ ಚಿಂತೆ ತಟ್ಟುವುದು ಮಗನ ಜಾತಿ ಪ್ರಮಾಣಪತ್ರ ಬೇಕಾದಾಗ, ತಂದೆಯ ಮರಣ ದಾಖಲೆ ಬೇಕಾದಾಗ, ಇಲ್ಲವೆ ಸೊಸೈಟಿಯ ಹಳೆ ಕಟ್ಟಡ ಕೆಡವಿ ಹೊಸದು ಕಟ್ಟುವ ಮಾತು ಬಂದಾಗ. ಕಿಟಕಿಯ ಆಚೆಯಿಂದ ‘ಹಳೇ ರೆಕಾರ್ಡು ಸಿಗುತ್ತಿಲ್ಲ’ ಎಂಬ ಉತ್ತರ ಬರುತ್ತದೆ. ಗೆದ್ದಲು ತಿಂದಿರಬೇಕು, ಮಳೆಗೆ ಕೊಳೆತಿರಬೇಕು ಎಂದು ನಾವು ಸಮಾಧಾನ ಮಾಡಿಕೊಳ್ಳುತ್ತೇವೆ. ನನ್ನ ಎಣಿಕೆಯಲ್ಲಿ ಗೆದ್ದಲಿನ ಪಾಲು ಕಡಿಮೆ. ಕಾಗದ ಕಳೆಯುವುದು ಹೆಚ್ಚಾಗಿ ಎರಡು ಹೊತ್ತಿನಲ್ಲಿ: ಒಂದು ವಿಂಗಡಿಸದೆ ಬಿಟ್ಟಾಗ, ಇನ್ನೊಂದು ಒಂದು ಕಚೇರಿಯಿಂದ ಇನ್ನೊಂದಕ್ಕೆ ಗಂಟು ಹೊರಿಸಿದಾಗ. ಈ ಎರಡಕ್ಕೂ ಒಂದು ಇತಿಹಾಸವಿದೆ. ಅದರಲ್ಲಿ ನಮ್ಮ ಊರುಕಡೆಯ ಪಾಲೂ ಇದೆ.

ಹಿಂದೆ ಊರಿನ ಲೆಕ್ಕಪತ್ರ ಕುಲಕರ್ಣಿಯ ಮನೆಯಲ್ಲೇ ಇರುತ್ತಿತ್ತು. ಧಾರವಾಡ ಬೆಳಗಾವಿಯ ಹಳ್ಳಿಯಲ್ಲೂ ಹಾಗೆಯೇ. ವತನ ವಂಶಪಾರಂಪರ್ಯವಾದ್ದರಿಂದ ದಫ್ತರವೂ ತಂದೆಯಿಂದ ಮಗನಿಗೆ ಬರುತ್ತಿತ್ತು. ಆ ಕಾಗದದ ಬೆಲೆ ಜನರಿಗೆ ಕಣ್ಣಿಗೆ ಹೊಡೆದಂತೆ ತಿಳಿದದ್ದು ಇನಾಮ್ ಕಮಿಶನ್ನಿನ ಕಾಲದಲ್ಲಿ. 1843ರಲ್ಲಿ ಧಾರವಾಡ, ಬೆಳಗಾವಿಗಳ ಕಡೆಯಲ್ಲೇ ಇನಾಮುಗಳ ತನಿಖೆ ಮೊದಲಾಯಿತು. 1852ರ ಕಾಯಿದೆಯಿಂದ ಅದಕ್ಕೆ ಪೂರ್ಣ ಅಧಿಕಾರ ಬಂತು. ಇನಾಮುದಾರ ತನ್ನ ಸನದನ್ನು ತೋರಿಸಬೇಕು, ಕಮಿಶನ್ನಿನವರು ಅದನ್ನು ಪೇಶವೆ ದಫ್ತರದ ನಮೂದಿನೊಡನೆ ತಾಳೆ ನೋಡಬೇಕು. ಹೀಗೆ ಸಾವಿರಾರು ಇನಾಮುಗಳು ಹೋದವು. ಪುಣೆಯಲ್ಲಿ ಪೇಶವೆಯವರ ಮೋಡಿ ಕಾಗದಗಳ ರುಮಾಲುಗಳು ಅಷ್ಟೊಂದು ಜೋಪಾನವಾಗಿ ಉಳಿದದ್ದು ಸರಕಾರದ ಇತಿಹಾಸ ಪ್ರೇಮದಿಂದಲ್ಲ, ಕಂದಾಯದ ಆಸೆಯಿಂದ. ಇರಲಿ, ಉಳಿದವಲ್ಲ! ಕೈಯಲ್ಲಿರುವ ಕಾಗದಕ್ಕೆ ದಫ್ತರದ ನಮೂದೇ ಸಾಕ್ಷಿ ಎಂಬ ಆ ನಿಯಮವನ್ನು ವಾಚಕರು ನೆನಪಿನಲ್ಲಿಡಬೇಕು. ಡೊಂಬಿವಲಿಯ ವಿಷಯ ಬಂದಾಗ ಅದು ಮತ್ತೆ ಎದುರಾಗುತ್ತದೆ.

ಮುಂಬಯಿ ಸರಕಾರದ ದಾಖಲೆ ಕಚೇರಿ 1821ರಷ್ಟು ಹಳೆಯದು. ಇಂದು ಅದು ಮಹಾರಾಷ್ಟ್ರ ರಾಜ್ಯ ಪತ್ರಾಗಾರವಾಗಿ ಎಲ್ಫಿನ್‌ಸ್ಟನ್ ಕಾಲೇಜಿನ ಕಟ್ಟಡದಲ್ಲಿದೆ. ಧಾರವಾಡ, ಬೆಳಗಾವಿ, ಬಿಜಾಪುರ ಜಿಲ್ಲೆಗಳು, 1862ರಲ್ಲಿ ಮದ್ರಾಸಿನಿಂದ ಮುಂಬಯಿಗೆ ಸೇರಿದ ಉತ್ತರ ಕನ್ನಡ ಜಿಲ್ಲೆ, ಇವೆಲ್ಲ 1956ರ ತನಕ ಮುಂಬಯಿಯ ಆಡಳಿತದಲ್ಲಿದ್ದವು. ಆದ್ದರಿಂದ ಕಾರವಾರದ ಕಚೇರಿಯ ಗುಮಾಸ್ತ ಗಂಟು ಕಟ್ಟುತ್ತಿದ್ದ ರೀತಿಯೂ ಥಾಣೆಯ ಗುಮಾಸ್ತ ಕಟ್ಟುತ್ತಿದ್ದ ರೀತಿಯೂ ಒಂದೇ ಮನೆತನದ್ದು. ದಕ್ಷಿಣ ಕನ್ನಡದವರದು ಮದ್ರಾಸಿನ ಅಡಂಗಲ್ಲು, ಕಲಬುರ್ಗಿ ಬೀದರಿನವರದು ನಿಜಾಮನ ಕಾಲದ ಉರ್ದು ಪಹಣಿ, ಮೈಸೂರಿನವರದು ಶ್ಯಾನುಭೋಗರ ಲೆಕ್ಕ. ನಮ್ಮ ಸಂಘದ ಒಂದು ಸಭೆಯಲ್ಲಿ ಕುಳಿತವರ ಹಿರಿಯರು ಹೀಗೆ ನಾಲ್ಕು ಬಗೆಯ ದಫ್ತರಗಳಲ್ಲಿ ದಾಖಲಾದವರು.

ಗಂಟು ಕಟ್ಟುವ ಆ ರೀತಿಯನ್ನು ಸ್ವಲ್ಪ ವಿವರಿಸುತ್ತೇನೆ, ಏಕೆಂದರೆ ಮಹಾರಾಷ್ಟ್ರದ ಕಂದಾಯ ಕಚೇರಿಗಳಲ್ಲಿ ಅದು ಇಂದಿಗೂ ಜಾರಿಯಲ್ಲಿದೆ. ಇತ್ಯರ್ಥವಾದ ಪ್ರತಿಯೊಂದು ಪ್ರಕರಣಕ್ಕೂ ಅ, ಬ, ಕ, ಕ-1, ಡ ಎಂಬ ಅಕ್ಷರಗಳಲ್ಲಿ ಒಂದನ್ನು ಹಾಕಬೇಕು. ‘ಅ’ ಎಂದರೆ ಶಾಶ್ವತ, ಕೆಂಪು ಬಟ್ಟೆ. ‘ಬ’ ಮೂವತ್ತು ವರ್ಷ, ಹಸಿರು ಬಟ್ಟೆ. ‘ಕ’ ಹತ್ತು ವರ್ಷ, ಹಳದಿ ಬಟ್ಟೆ; ‘ಕ-1’ ಐದು ವರ್ಷ. ‘ಡ’ ಎಂದರೆ ಒಂದೇ ವರ್ಷ, ಬಿಳಿ ಬಟ್ಟೆ, ಆಮೇಲೆ ನಾಶ. ಕೋಣೆಯ ಬಾಗಿಲಲ್ಲಿ ನಿಂತು ನೋಡಿದರೆ ಸಾಕು, ಬಣ್ಣದಿಂದಲೇ ಗಂಟಿನ ಆಯುಷ್ಯ ತಿಳಿಯಬೇಕು. ಇದಲ್ಲದೆ ಗುಮಾಸ್ತನ ಮೇಜಿಗೆ ಆರು ಗಂಟುಗಳ ಪದ್ಧತಿ: ನಡೆಯುತ್ತಿರುವುದು, ಉತ್ತರಕ್ಕೆ ಕಾದಿರುವುದು, ಕಾಲಕಾಲಕ್ಕೆ ಕಳುಹಿಸುವ ತಖ್ತೆಗಳು, ಸ್ಥಾಯೀ ಆದೇಶಗಳು, ರೆಕಾರ್ಡ್ ರೂಮಿಗೆ ಹೋಗತಕ್ಕವು, ನಾಶಮಾಡತಕ್ಕವು. ಕೇಂದ್ರ ಸರಕಾರದ ನಮ್ಮ ಕಚೇರಿಗಳಲ್ಲಿ ಅಕ್ಷರ ಅವೇ, ಅರ್ಥ ಬೇರೆ. ಅಲ್ಲಿ ಎ, ಬಿ ಎರಡೂ ಉಳಿಯತಕ್ಕವು, ‘ಸಿ’ ಹತ್ತು ವರ್ಷಕ್ಕೆ ಮೀರದ್ದು. ಒಂದು ಸರಕಾರದ ಅಕ್ಷರ ಇನ್ನೊಂದಕ್ಕೆ ಹೊಂದುವುದಿಲ್ಲ ಎಂಬುದು ಗುಮಾಸ್ತರೊಳಗಿನ ಹಳೆಯ ತಮಾಷೆ.

ಪದ್ಧತಿಯಲ್ಲಿ ಕೊರತೆಯಿಲ್ಲ. ಕೊರತೆ ಇರುವುದು ಅಕ್ಷರ ಹಾಕುವ ಕೈಯಲ್ಲಿ. ‘ಅ’ ಎಂದು ಬರೆದರೆ ಯಾರೂ ಕೇಳುವುದಿಲ್ಲ. ‘ಡ’ ಎಂದು ಬರೆದು ನಾಶ ಮಾಡಿದರೆ ನಾಳೆ ಯಾರಾದರೂ ಕೇಳಿಯಾರು. ಆದ್ದರಿಂದ ಯಾವ ಅಕ್ಷರವನ್ನೂ ಹಾಕದೆ ಗಂಟನ್ನು ಅಟ್ಟಕ್ಕೆ ಏರಿಸುವುದೇ ಸುರಕ್ಷಿತ. ರಜೆಯ ಅರ್ಜಿಗಳು, ಚಾ ಬಿಲ್ಲುಗಳು, ಅವುಗಳ ಅಡಿಯಲ್ಲಿ 1958ರ ಜನನದ ರಿಜಿಸ್ಟರು! ಎಲ್ಲವನ್ನೂ ಇಟ್ಟುಕೊಂಡ ಕಚೇರಿಯಲ್ಲಿ ಯಾವುದೂ ಸಿಗದು. 1980ರ ದಶಕದ ಮೊದಲಲ್ಲಿ ಅಹ್ಮದ್‌ನಗರದ ಜಿಲ್ಲಾಧಿಕಾರಿ ಅನಿಲ್‌ಕುಮಾರ್ ಲಖಿನಾ ಅವರು ತಮ್ಮ ಕಚೇರಿಯನ್ನೇ ಸುಧಾರಿಸಲು ಹೊರಟಾಗ ಹಳೆಯ ಕಾಗದಗಳ ವಿಂಗಡಣೆ ಅದರ ಮುಖ್ಯ ಭಾಗವಾಗಿತ್ತು. ‘ಲಖಿನಾ ಪ್ಯಾಟರ್ನ್’ ಎಂದು ಅದು ರಾಜ್ಯದಲ್ಲೆಲ್ಲ ಹೆಸರಾಯಿತು. ನಾಶಮಾಡುವುದೂ ಸಂರಕ್ಷಣೆಯ ಕೆಲಸವೇ ಎಂದು ನಮ್ಮ ಜನ ಒಪ್ಪುವುದಿಲ್ಲ, ನಾನಂತೂ ಒಪ್ಪುತ್ತೇನೆ.

ಹಾಗೆಂದು ಮನಸ್ಸಿಗೆ ಬಂದಂತೆ ಸುಡುವಂತಿಲ್ಲ. ಕೇಂದ್ರದ 1993ರ ಸಾರ್ವಜನಿಕ ದಾಖಲೆಗಳ ಕಾಯಿದೆಯ ಪ್ರಕಾರ, ಪೂರ್ತಿ ಹಾಳಾಗಿ ಕೆಲಸಕ್ಕೆ ಬಾರದಂತಾದುದನ್ನು ಬಿಟ್ಟು, 1892ಕ್ಕಿಂತ ಹಿಂದಿನ ಯಾವ ದಾಖಲೆಯನ್ನೂ ನಾಶಮಾಡಕೂಡದು. ನಿಯಮ ಮೀರಿ ನಾಶ ಮಾಡಿದವರಿಗೆ ಐದು ವರ್ಷದವರೆಗೆ ಸೆರೆ, ಹತ್ತು ಸಾವಿರದವರೆಗೆ ದಂಡ. ಮಹಾರಾಷ್ಟ್ರ 2005ರಲ್ಲಿ ತನ್ನದೇ ಕಾಯಿದೆ ಮಾಡಿತು, ಕರ್ನಾಟಕ 2010ರಲ್ಲಿ. ಜನನ ಮರಣದ ರಿಜಿಸ್ಟರುಗಳಂತೂ ಎಂದೆಂದಿಗೂ ನಾಶಮಾಡಬಾರದ ದಾಖಲೆಗಳೆಂದು ನಿಯಮದಲ್ಲೇ ಬರೆದಿದೆ.

ಇನ್ನು ಗಂಟಿನ ಪ್ರಯಾಣದ ಕತೆ. 1951ರಲ್ಲಿ ಕುಲಕರ್ಣಿ ವತನ ರದ್ದಾಗಿ ದಫ್ತರವೆಲ್ಲ ಸಂಬಳದ ತಲಾಠಿಯ ಕೈಸೇರಿತು. ಅದು ಮೊದಲನೆಯ ದೊಡ್ಡ ಹಸ್ತಾಂತರ. ಹೆಚ್ಚುಕಡಿಮೆ ಅದೇ ಕಾಲದಲ್ಲಿ ಮೋಡಿ ಲಿಪಿ ಶಾಲೆಯಿಂದಲೂ ಕಚೇರಿಯಿಂದಲೂ ಮರೆಯಾಯಿತು. ಗಂಟು ಬಂತು, ಓದುವವರು ಬರಲಿಲ್ಲ. ಇದರ ಫಲ ಕಂಡದ್ದು 2023ರಲ್ಲಿ. ಕುಣಬಿ ದಾಖಲೆಗಳನ್ನು ಹುಡುಕಲು ನಿವೃತ್ತ ನ್ಯಾಯಮೂರ್ತಿ ಸಂದೀಪ ಶಿಂದೆಯವರ ಸಮಿತಿ ನೇಮಕವಾದಾಗ, ಮೊದಲು ಮರಾಠವಾಡಾದಲ್ಲಿ, ಆಮೇಲೆ ರಾಜ್ಯದಲ್ಲೆಲ್ಲ ರೆಕಾರ್ಡ್ ರೂಮುಗಳ ಬಾಗಿಲು ತೆರೆದವು. ಹುಡುಕಿದ್ದು ಯಾವುದನ್ನು? ಶಾಲೆಯ ಜನರಲ್ ರಿಜಿಸ್ಟರು, ಕೋತವಾಲನ ಪುಸ್ತಕ, ಅಂದರೆ ಹಳ್ಳಿಯ ಜನನ ಮರಣ ಬರೆದ 14ನೆಯ ನಮೂನೆ. ಮೋಡಿ ಬಲ್ಲವರಿಗೆ ಒಮ್ಮೆಲೇ ಬೇಡಿಕೆ ಬಂತು. ಆ ಕೋತವಾಲ ಒಂದು ಶಿಶುವಿನ ಹೆಸರಿನ ಮುಂದೆ ಜಾತಿಯ ಕಾಲಮ್ಮು ತುಂಬಿದಾಗ, ನೂರು ವರ್ಷದ ನಂತರ ಅದರ ಮೇಲೆ ಒಂದು ಚಳವಳಿಯೇ ನಿಂತೀತೆಂದು ಕನಸು ಕಂಡಿರಲಾರ.

ನಮ್ಮ ಪೇಟೆಗಳದು ಇನ್ನೂ ತೊಡಕಿನ ಕತೆ. ಕಲ್ಯಾಣದ ಪುರಸಭೆ 1855ರದು, ಥಾಣೆಯದು 1863ರದು. ಥಾಣೆ 1982ರ ಅಕ್ಟೋಬರಿನಲ್ಲಿ ಮಹಾನಗರ ಪಾಲಿಕೆಯಾಯಿತು. ಮರುವರ್ಷ ಕಲ್ಯಾಣ, ಡೊಂಬಿವಲಿ, ಅಂಬರನಾಥ ಮತ್ತು ಸುತ್ತಲ ಹಳ್ಳಿಗಳನ್ನು ಕೂಡಿಸಿ ಇನ್ನೊಂದು ಪಾಲಿಕೆ ಮಾಡಿದರು. 1992ರಲ್ಲಿ ಅಂಬರನಾಥ ಹೊರಗೆ ಹೋಯಿತು. ಮಾನ್‌ಪಾಡಾ, ಸೋನಾರ್‌ಪಾಡಾ, ನಿಳ್ಜೆ ಮುಂತಾದ 27 ಹಳ್ಳಿಗಳನ್ನು ನೋಡಿ. 1983ರಲ್ಲಿ ಪಾಲಿಕೆಗೆ ಸೇರಿದವು, 2002ರಲ್ಲಿ ಹೊರಬಿದ್ದು ಗ್ರಾಮ ಪಂಚಾಯತಿಗಳಾದವು, 2015ರಲ್ಲಿ ಮತ್ತೆ ಸೇರಿದವು. 2020ರ ಮಾರ್ಚಿನಲ್ಲಿ ಅವುಗಳಲ್ಲಿ 18ನ್ನು ಮತ್ತೆ ಹೊರಗಿಟ್ಟರು, ಅದೇ ಡಿಸೆಂಬರಿನಲ್ಲಿ ಮುಂಬಯಿ ಹೈಕೋರ್ಟು ಅದನ್ನು ರದ್ದುಮಾಡಿತು. ನಡುವೆ ಕಟ್ಟಡ ಪರವಾನಗಿಯ ಅಧಿಕಾರ ಎಂ.ಎಂ.ಆರ್.ಡಿ.ಎ. ಕೈಯಲ್ಲಿತ್ತು. ಅತ್ತೆ ಮನೆ ತವರು ಮನೆ ಎಂದು ಓಡಾಡಿದ ಸೊಸೆಯಂತೆ ಈ ಹಳ್ಳಿಗಳ ಬಾಳು. ಪ್ರತಿ ಸಲವೂ ಮನೆಪಟ್ಟಿ, ಜನನ ಮರಣ, ಪರವಾನಗಿಗಳ ಪುಸ್ತಕಗಳು ಒಬ್ಬರಿಂದ ಇನ್ನೊಬ್ಬರಿಗೆ ಪಟ್ಟಿಮಾಡಿ ಒಪ್ಪಿಸಲ್ಪಡಬೇಕು. ಆದ್ದರಿಂದ ಈ ಭಾಗದವರು ಕಿಟಕಿಯಲ್ಲಿ ಕೇಳಬೇಕಾದ ಮೊದಲ ಪ್ರಶ್ನೆ ‘ಕಾಗದ ಎಲ್ಲಿದೆ’ ಎಂದಲ್ಲ, ‘ಆ ವರ್ಷ ಈ ಊರು ಯಾರ ಕೈಯಲ್ಲಿತ್ತು’ ಎಂದು. ಥಾಣೆ ಜಿಲ್ಲೆಯೇ 2014ರ ಆಗಸ್ಟ್ 1ರಂದು ಒಡೆದು ಪಾಲ್ಘರ್ ಬೇರೆಯಾದಾಗಲೂ ಇದೇ ಪ್ರಶ್ನೆ.

ನವಿಮುಂಬಯಿಯಲ್ಲಿ ದಫ್ತರದ ಬೆಲೆ ರಕ್ತದಲ್ಲಿ ಬರೆದಂತಾಯಿತು. 1970ರ ಮಾರ್ಚಿನಲ್ಲಿ ಸಿಡ್ಕೋ ಹುಟ್ಟಿ, ಥಾಣೆ ಮತ್ತು ಆಗಿನ ಕುಲಾಬಾ ಜಿಲ್ಲೆಗಳ ಹಳ್ಳಿಗಳ ಭೂಮಿ ಸ್ವಾಧೀನಕ್ಕೆ ಹೋಯಿತು. ಪರಿಹಾರಕ್ಕಾಗಿ ದಿ.ಬಾ. ಪಾಟೀಲರ ಮುಂದಾಳುತನದಲ್ಲಿ ನಡೆದ ಹೋರಾಟದಲ್ಲಿ 1984ರ ಜನವರಿಯಲ್ಲಿ ಜಾಸಯಿ ಕಡೆ ಪೋಲೀಸರ ಗುಂಡಿಗೆ ಐವರು ಬಲಿಯಾದರು. ಅದರ ಫಲವಾಗಿ 1990ರ ದಶಕದಲ್ಲಿ ಬಂದದ್ದು ಕಳೆದುಕೊಂಡ ಭೂಮಿಯ ಶೇಕಡಾ ಹನ್ನೆರಡೂವರೆಯಷ್ಟು ಅಭಿವೃದ್ಧಿಪಡಿಸಿದ ನಿವೇಶನ ಕೊಡುವ ಯೋಜನೆ. ಆದರೆ ಎಷ್ಟು ಭೂಮಿ ಹೋಯಿತು, ಯಾರದು ಹೋಯಿತು, ಈಗ ವಾರಸುದಾರರು ಯಾರು ಎಂಬುದಕ್ಕೆ ಸಾಕ್ಷಿ ಹಳೆಯ ಸಾತ್-ಬಾರಾ ಮತ್ತು ಫೇರ್‌ಫಾರಿನ ಪುಸ್ತಕವೇ. ಭೂಮಿ ಹೋಗಿತ್ತು, ಕಾಗದ ಉಳಿದಿದ್ದವನಿಗೆ ಅಷ್ಟಾದರೂ ದಕ್ಕಿತು. ಅದೇ ಭೂಮಿಯ ಮೇಲಿನ ಸಿಡ್ಕೋ ಮನೆಗಳಲ್ಲಿ ಇಂದು ನಾವಿದ್ದೇವೆ. ಅವುಗಳ ಲೀಸು ಸಾಮಾನ್ಯವಾಗಿ 60 ವರ್ಷದ್ದು. ಕೊಟ್ಟ ಗುಮಾಸ್ತನ ನೌಕರಿಗಿಂತಲೂ, ಬಹಳ ಸಲ ಪಡೆದವನ ಆಯುಷ್ಯಕ್ಕಿಂತಲೂ ದೀರ್ಘ.

ಇನ್ನು ಡೊಂಬಿವಲಿಯ ಮಾತು. ಕಲ್ಯಾಣ-ಡೊಂಬಿವಲಿ ಪಾಲಿಕೆಯ ಹದ್ದಿನಲ್ಲಿ ಖೋಟಾ ಪರವಾನಗಿ ಪತ್ರಗಳನ್ನು ತೋರಿಸಿ ಮಹಾರೇರಾದಲ್ಲಿ ನೋಂದಾಯಿಸಿಕೊಂಡ 65 ಕಟ್ಟಡಗಳ ಪ್ರಕರಣ ಬಯಲಾಗಿ, 2024ರ ನವೆಂಬರಿನಲ್ಲಿ ಹೈಕೋರ್ಟು ಅವನ್ನು ಕೆಡವಲು ಆದೇಶಿಸಿತು. ಕೊಂಡವರು ಸಾಮಾನ್ಯರು, ಬ್ಯಾಂಕಿನ ಸಾಲ ತೆಗೆದವರು. ಅವರ ಕೈಯಲ್ಲಿ ಕಾಗದವಿತ್ತು, ಮೊಹರೂ ಇತ್ತು. ಪಾಲಿಕೆಯ ದಫ್ತರದಲ್ಲಿ ಮಾತ್ರ ಅಂಥ ಪರವಾನಗಿ ಇರಲಿಲ್ಲ. ಇನಾಮ್ ಕಮಿಶನ್ನಿನ ನಿಯಮವೇ! ಕೊಳ್ಳುವ ಮೊದಲು ಪರವಾನಗಿಯ ಸಂಖ್ಯೆ ಹಿಡಿದು ಪಾಲಿಕೆಯ ನಗರರಚನಾ ವಿಭಾಗದಲ್ಲಿ ತಾಳೆ ನೋಡಿದ್ದರೆ ಒಂದು ದಿನದ ರಜೆ ಹೋಗುತ್ತಿತ್ತು, ಮನೆ ಹೋಗುತ್ತಿರಲಿಲ್ಲ. ಆದರೆ ಅಂಥ ತಾಳೆ ನೋಡುವುದು ಕೊಳ್ಳುವವನ ಕೆಲಸವೇ ಏಕಾಗಬೇಕು?

‘ಈಗೆಲ್ಲ ಕಂಪ್ಯೂಟರಿಗೆ ಏರಿಸುತ್ತಾರಲ್ಲ’ ಎನ್ನುವವರಿದ್ದಾರೆ. 2012ರ ಜೂನ್ 21ರಂದು ಮಂತ್ರಾಲಯಕ್ಕೆ ಬೆಂಕಿ ಬಿದ್ದು ಫೈಲುಗಳು ಬೂದಿಯಾದ ಮೇಲೆ ಆ ಮಾತು ಜೋರಾಯಿತು. ಒಳ್ಳೆಯದೇ. ಆದರೆ ಅಡಕಲನ್ನು ಹಾಗೇ ಏರಿಸಿದರೆ ಅಟ್ಟದ ಅಡಕಲು ಯಂತ್ರದ ಅಡಕಲಾಗುತ್ತದೆ ಅಷ್ಟೆ. 2005ರ ಮಾಹಿತಿ ಹಕ್ಕು ಕಾಯಿದೆಯ 4ನೆಯ ಕಲಮು ಮೊದಲು ಕೇಳುವುದೇ ದಾಖಲೆಗಳ ಪಟ್ಟಿಯನ್ನೂ ಸೂಚಿಯನ್ನೂ. ‘ಫೈಲು ಸಿಗುತ್ತಿಲ್ಲ’ ಎಂಬುದು ಮಾಹಿತಿ ನಿರಾಕರಿಸಲು ಕಾರಣವಾಗದು, ವಿಚಾರಣೆ ನಡೆಸಿ ಹೊಣೆ ಗೊತ್ತುಮಾಡಬೇಕು ಎಂದು ದಿಲ್ಲಿ ಹೈಕೋರ್ಟು 2013ರಲ್ಲಿ ಹೇಳಿದೆ. ಕಿಟಕಿಯಲ್ಲಿ ಜಗಳವಾಡುವ ಬದಲು ಲಿಖಿತ ಉತ್ತರ ಕೇಳುವುದು ಲೇಸು.

ಕೊನೆಗೆ ನಮ್ಮವರಿಗೇ ಸಂಬಂಧಿಸಿದ್ದು. ಮಹಾರಾಷ್ಟ್ರದಲ್ಲಿ ಜಾತಿ ಪ್ರಮಾಣಪತ್ರ ಬೇಕಾದರೆ ಮನೆತನ ಇಲ್ಲಿ ನೆಲೆಸಿದ್ದಕ್ಕೆ ಗೊತ್ತಾದ ದಿನಾಂಕಗಳಿವೆ: ಪರಿಶಿಷ್ಟ ಜಾತಿಯವರಿಗೆ 1950ರ ಆಗಸ್ಟ್ 10, ವಿಮುಕ್ತ ಮತ್ತು ಅಲೆಮಾರಿ ಜಾತಿಗಳಿಗೆ 1961ರ ನವೆಂಬರ್ 21, ಇತರ ಹಿಂದುಳಿದವರಿಗೆ 1967ರ ಅಕ್ಟೋಬರ್ 13. ಆ ದಿನದ ಮುಂಚೆ ಅಜ್ಜನೋ ತಂದೆಯೋ ಇಲ್ಲಿದ್ದರೆಂದು ತೋರಿಸಬೇಕು. ಹೋಟೆಲಿನಲ್ಲಿ ಲೋಟ ತೊಳೆದು ಅಲ್ಲೇ ಮಲಗುತ್ತಿದ್ದ ಹುಡುಗನ ಹೆಸರಿನಲ್ಲಿ ಬಾಡಿಗೆ ಚೀಟಿ ಎಲ್ಲಿಂದ ಬರಬೇಕು? ಆದರೆ ಅಂಥ ಹುಡುಗರು ರಾತ್ರಿ ಶಾಲೆಗೆ ಹೋಗುತ್ತಿದ್ದರು. ಶಾಲೆಯ ಜನರಲ್ ರಿಜಿಸ್ಟರಿನಲ್ಲಿ ಸೇರಿದ ತಾರೀಖು, ಹುಟ್ಟಿದ ಊರು, ಜಾತಿ ಎಲ್ಲವೂ ಒಂದೇ ಸಾಲಿನಲ್ಲಿ ಇರುತ್ತದೆ. ಮುಂಬಯಿಯ ಕನ್ನಡ ರಾತ್ರಿ ಶಾಲೆಗಳಲ್ಲಿ ಹಲವು ಈಗ ಮುಚ್ಚಿವೆ. ಮುಚ್ಚಿದ ಶಾಲೆಯ ರಿಜಿಸ್ಟರು ವಿಲೀನವಾದ ಶಾಲೆಯಲ್ಲಿದೆಯೋ, ಶಿಕ್ಷಣ ಇಲಾಖೆಯ ಕಪಾಟಿನಲ್ಲಿದೆಯೋ, ಯಾವುದಾದರೂ ಸಂಸ್ಥೆಯ ಅಟ್ಟದಲ್ಲಿದೆಯೋ ಬಲ್ಲವರು ಆಗಿನ ಮಾಸ್ತರರು ಮತ್ತು ವಿದ್ಯಾರ್ಥಿಗಳು. ಅವರಲ್ಲಿ ಎಷ್ಟೋ ಮಂದಿಗೆ ಈಗ ಎಂಬತ್ತು ದಾಟಿದೆ. ಈ ಲೇಖನ ಓದಿದವರಲ್ಲಿ ಯಾರಿಗಾದರೂ ಅಂಥ ಒಂದು ಶಾಲೆಯ ಪುಸ್ತಕಗಳು ಹೋದ ದಾರಿ ಗೊತ್ತಿದ್ದರೆ, ಶಾಲೆಯ ಹೆಸರು, ಮುಚ್ಚಿದ ವರ್ಷ, ಪುಸ್ತಕ ಒಪ್ಪಿಸಿದ ಕಚೇರಿ ಈ ಮೂರನ್ನು ಬರೆದು ಸಂಘದ ಕಚೇರಿಗೆ ತಲುಪಿಸಬೇಕಾಗಿ ವಿನಂತಿ.